ಇಕ್ರಾಮ್ ಕೂಡುತ್ತಿದ್ದ ಹುಡೇ

ನನ್ನ ಅಣ್ಣ ಇಕ್ರಾಮ್ ಸಾವಿರದ ಒಂಬೈನೂರ ಅರವತ್ತಾರರಲ್ಲಿ ಇಂಗ್ಲೆಂಡಿನ ಒಂದು ಇಟ್ಟಿಗೆ ಭಟ್ಟಿಗೆ ದುಡಿಯಲು ಹೋದ. ಎರಡು ವರ್ಷ ಕಾಗದ ಬಂದವು, ಆಮೇಲೆ ನಿಂತವು. ಸತ್ತ ಸುದ್ದಿ ಬಾರದೆ ಅವನ ಹೆಸರಿನಲ್ಲಿ ಫಾತಿಹಾ ಓದಬಾರದೆಂದು ಅಮ್ಮ ಹಟ ಹಿಡಿದಳು. ಓದದೆಯೇ ಅವಳೂ ಹೋದಳು, ತಂಗಿಯೂ ಹೋದಳು. ಅವನು ಇದ್ದಾನೋ ಇಲ್ಲವೋ ಎಂಬುದೊಂದು ತಿಳಿದರೆ ನನಗೆ ಸಾಕಾಗಿತ್ತು.

ತಂಗಿಯ ಮಗ ಜುನೈದ್ ನನ್ನನ್ನು ಇಂಗ್ಲೆಂಡಿಗಿಂತಲೂ ದೂರದ, ತಾನು ನೆಲೆಸಿದ್ದ ನಾರ್ತ್‌ವಿಲ್‌ಗೆ ಕರೆಸಿಕೊಂಡಾಗ ಅಣ್ಣನ ಕೊನೆಯ ಕಾಗದವನ್ನೂ ತಂದೆ. ಅವನಿದ್ದ ಊರಿನ ಹೆಸರಿದ್ದ ಲಕೋಟೆಯನ್ನು ಇಲಿ ತಿಂದಿತ್ತು. ಒಳಗೆ ಬರೆದಿದ್ದ: ‘ಭಟ್ಟಿಯ ಹಿಂದೆ ನಮ್ಮೂರಿನಂಥದೇ ಹುಡೇ ಇದೆ. ಸಂಜೆ ಅದರ ಮೇಲೆ ಕೂಡುತ್ತೇನೆ.’

ಜುನೈದ್ ಹುಬ್ಬಳ್ಳಿಯಲ್ಲಿ ಬೆಳೆದವನು, ನಮ್ಮೂರ ಹುಡೇ ನೋಡಿದವನಲ್ಲ. ಹುಡೇ ಎಂದರೆ ಕೋಟೆಯ ಬುರುಜು ಎಂದುಕೊಂಡು ಇಂಗ್ಲೆಂಡಿನ ಕೋಟೆಗಳಿಗೆಲ್ಲ ಇಮೇಲ್ ಬರೆದ. ಟಿಕೆಟ್ ದರ ತಿಳಿಸಿ ಉತ್ತರ ಬಂದವು. ಎರಡು ಚಳಿಗಾಲ ಕಂಪ್ಯೂಟರಿನಲ್ಲಿ ಕಲ್ಲಿನ ಗೋಡೆಗಳನ್ನೇ ನೋಡಿದೆ. ಓದಿದವನು, ಅವನಿಗೆ ತಿಳಿದೀತು ಎಂದು ಸುಮ್ಮನಿದ್ದೆ.

ಎರಡು ಸಾವಿರದ ಒಂದರ ಜನವರಿ. ನಮ್ಮ ಬಡಾವಣೆಯ ತುದಿಗೆ ಹೊಸ ಮನೆಯ ಬೇಸ್‌ಮೆಂಟ್ ಅಗೆದ ಮಣ್ಣು ಗುಡ್ಡೆ ಬಿದ್ದಿತ್ತು. ಅದರ ಮೇಲಿನ ಹಿಮದಲ್ಲಿ ಮಕ್ಕಳು ಜಾರುತ್ತಿದ್ದರು. ಕಾರಿನಲ್ಲಿ ಕೂತ ನನ್ನ ಬಾಯಿಗೆ ತಾನಾಗಿ ಬಂತು:

“ನಮ್ಮೂರ ಹುಡೇನೂ ಹಿಂಗ ಇತ್ತು ನೋಡು.”

ಜುನೈದ್ ಕಾರು ನಿಲ್ಲಿಸಿದ. “ಮಣ್ಣಿನ ದಿಬ್ಬ ಏನ್ ಮಾಮು? ಕಲ್ಲಿಂದಲ್ಲಾ?”

“ಕಲ್ಲೆಲ್ಲಾ ನಾ ಹುಟ್ಟೂದ್ರಾಗ ಮಂದಿ ಕಿತ್ಕೊಂಡು ಮನಿ ಕಟ್ಟಿದ್ರು.”

“ಇದನ್ನ ಮೊದ್ಲ ಹೇಳಿದ್ರ ಟಿಕೆಟ್ ರೇಟ್ ಕೇಳೂದು ತಪ್ತಿತ್ತು.”

“ನೀ ಕೇಳಲಿಲ್ಲ.”

ಆ ಸಂಜೆಯೇ ಅವನು ಇಟ್ಟಿಗೆ ಭಟ್ಟಿಗಳ ಹತ್ತಿರದ ದಿಬ್ಬಗಳನ್ನು ಹುಡುಕಿದ. ಒಂದು ಚಿತ್ರ ಬಂತು. ದುಂಡನೆಯ ಹಸಿರು ದಿಬ್ಬ, ಸುತ್ತ ಕಂದಕ, ಮೇಲೆ ನಾಲ್ಕು ಕುರಿ, ಹಿಂದೆ ಭಟ್ಟಿಯ ಚಿಮಣಿ. ಒಂಬೈನೂರು ವರ್ಷದ ಹಿಂದೆ ನಾರ್ಮನ್ ಎಂಬ ಜನ ಕಂದಕ ತೋಡಿ, ಅದೇ ಮಣ್ಣು ಪೇರಿಸಿ, ಮೇಲೆ ಮರದ ಕೋಟೆ ಕಟ್ಟಿದ್ದರಂತೆ. ಮರ ಹೋಗಿ ಮಣ್ಣು ಉಳಿದಿದೆ ಎಂದು ಜುನೈದ್ ಓದಿ ಹೇಳಿದ.

ಮರುದಿನ ಅಲ್ಲಿನ ಚರ್ಚಿಗೆ ಫೋನ್ ಮಾಡಿದ. ಎತ್ತಿಕೊಂಡವಳು ಒಬ್ಬ ಮುದುಕಿ. ಅವಳು ಹೇಳಿದ್ದನ್ನು ಬಹಳ ಹೊತ್ತು ಕೇಳಿಸಿಕೊಂಡು, ಜುನೈದ್ ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದ.

“ಮಾಮು, ಅರವತ್ತೆಂಟರಾಗನ ತೀರ್ಕೊಂಡಾರ. ನ್ಯುಮೋನಿಯಾ. ಊರ ವಿಳಾಸ ಸಿಗಲಿಲ್ಲಂತ, ಭಟ್ಟಿಯವರೇ ಮಣ್ಣು ಮಾಡಿದ್ರಂತ. ದಿಬ್ಬದ ಮ್ಯಾಲೆ ಕುಂತು ಹಾಡ್ತಿದ್ದದ್ದು ಈಕಿಗೆ ನೆನಪೈತಿ. ಮನಿಯವರಿಗೆಲ್ಲಾ ತಿಳಸ್ರಿ ಅಂತಾಳ.”

ಯಾರಿಗೆ? ಅಣ್ಣನ ಮುಖ ನೋಡಿದವರನ್ನು ಒಬ್ಬೊಬ್ಬರಾಗಿ ನೆನೆದೆ; ನನ್ನ ಹೊರತು ಯಾರೂ ಉಳಿದಿರಲಿಲ್ಲ. ಜುನೈದ್ ಹುಟ್ಟಿದ್ದೇ ಅವನು ಹೋದ ಮೇಲೆ.

ಅಡುಗೆಮನೆಯಲ್ಲಿ ನಿಂತಲ್ಲೇ ಕೈಯೆತ್ತಿ ಫಾತಿಹಾ ಓದಿದೆ. ಜುನೈದ್ ಆಮೀನ್ ಅಂದ. ಫೋನಿನ ಆ ಕಡೆ ಮುದುಕಿ ಇನ್ನೂ ಕಾದಿದ್ದಳು.