ಹತ್ತಿ ತುಂಬಿದ ಡಬ್ಬಿ

ಒಂದು ಡಬ್ಬಿಗೆ ಕಾಗದ ಸುತ್ತಿದ್ದನ್ನು ಕಥೆಯೆಂದು ಹೇಳಹೊರಟ ಧೈರ್ಯಕ್ಕೆ ಕ್ಷಮೆಯಿರಲಿ, ಹೇಳದೆಯೂ ಇರಲಾಗುತ್ತಿಲ್ಲ — ಬಸ್ಸಿನ ಕಿಟಕಿಯಿಂದ ಬಿದ್ದ ಬಿಸಿಲಿಗೆ ಹಸಿರು ಕಾಗದ ಹೊಳೆಯಿತು, ಅಂಚಿಗೆ ಅಂಚು ಕೂಡಿದೆ, ಮೂಲೆಗಳು ಚೂಪಾಗಿವೆ, ಟೇಪು ಎಲ್ಲಿದೆಯೆಂದು ಕಾಣುವುದೇ ಇಲ್ಲ, ಎಲ್ಲ ಸರಿ, ಒಳಗೆ ಓಲೆ ಇಟ್ಟೆನೋ ಇಲ್ಲವೋ ಎಂದು ಅಕ್ಕನಾಗಮ್ಮ ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು, ಸದ್ದಿಲ್ಲ, ಬರುವುದಾದರೂ ಹೇಗೆ, ಕುಲುಕಾಡಬಾರದೆಂದು ಹತ್ತಿ ತುಂಬಿದವಳು ತಾನೇ, ಅಕ್ಕಿಕಾಳಿನಂಥ ಎರಡು ಬಂಗಾರದ ಓಲೆ, ಇದ್ದರೂ ಅಷ್ಟೇ ಭಾರ, ಇರದಿದ್ದರೂ ಅಷ್ಟೇ. ಪಕ್ಕದ ಸೀಟಿನ ಮುದುಕ ನೋಡಿ, ಗಡಿಯಾರೇನವ್ವಾ, ನಿಂತೈತೇನು ಅಂದ. ಅಲ್ಲ ಯಜ್ಜಾ, ಓಲಿ ಅದಾವು. ಓಲಿ ಮಾತಾಡ್ತಾವೇನವ್ವಾ ಅಂದು ಅವನು ಕಣ್ಣು ಮುಚ್ಚಿದ, ಅವಳಿಗೂ ಮುಚ್ಚಬೇಕು, ನಿನ್ನೆ ಎರಡು ಪಾಳಿ ನಿಂತು ಮಾಡಿ ಇವತ್ತಿನ ರಜೆ ಪಡೆದವಳು, ಕಾಲು ಇನ್ನೂ ಜೀನ್ಸ್ ಕಾರ್ಖಾನೆಯ ಮೇಜಿನ ಹತ್ತಿರವೇ ನಿಂತಂತಿದೆ, ಮಡಚು, ಕವರಿಗೆ ಹಾಕು, ಮತ್ತೆ ತೆಗೆದು ನೋಡು — ಅಕ್ಕಾ, ಪ್ಯಾಂಟಿಗೆ ಎರಡಽ ಕಾಲು ಇರ್ತಾವ, ಪ್ರತಿ ಸಲ ಎಣಿಸಬ್ಯಾಡ ಎಂದು ಮೇಸ್ತ್ರಿ ಭೀಮರಾಜ ನಗುತ್ತಾನೆ, ನಗಲಿ, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಕಲಿತವಳು, ಒಂದು ಸಲ ಓದಿದ್ದನ್ನು ಎಂದೂ ನಂಬಿದವಳಲ್ಲ. ಬೆಳಿಗ್ಗೆಯೂ ಹಾಗೇ ಆಯಿತು, ಚೆಂದಾಗಿ ಸುತ್ತಿಯಾಗಿತ್ತು, ಬೀಗ ಹಾಕಿ ಹೊರಡಬಹುದಿತ್ತು, ಆದರೂ ಇನ್ನೊಮ್ಮೆ ನೋಡೋಣವೆಂದು ಬ್ಲೇಡಿನಿಂದ ಟೇಪು ಬಿಡಿಸಿದಳು, ಓಲೆ ಇದ್ದವು, ಅಕ್ಕಸಾಲಿಗ ಕೊಟ್ಟ ಗುಲಾಬಿ ಕಾಗದದಲ್ಲೇ ಇದ್ದವು, ಬಿಚ್ಚಿ ಅಂಗೈಗೆ ಸುರಿದುಕೊಂಡಳು, ಆಗಲೇ ಫೋನು. ತಂಗಿ ಅಂಜನಾ. ಅಣ್ಣ ಬರ್ತಾನೇನಕ್ಕಾ. ಅಂವ ಬರಂಗಿಲ್ಲ, ನಾ ಬರ್ತೀನಿ. ಆ ಕಡೆ ಹಿಂದೆ ಎಲ್ಲೋ ಕೂಸಿನ ಅಳು. ಆಮೇಲೆ ನೆನಪಿರುವುದು ಬೆರಳುಗಳು ಕಾಗದದ ಅಂಚು ಕೂಡಿಸುತ್ತಿರುವುದು. ನಡುವೆ ಏನೂ ಇಲ್ಲ. ಬೀಗ ಹಾಕುವಾಗ ಕಿಟಕಿಯ ಕಟ್ಟೆಯ ಮೇಲೆ ಗುಲಾಬಿ ಕಾಗದ ಕಂಡಿತ್ತು, ಸಣ್ಣದಾಗಿ ಮುದುಡಿಕೊಂಡು, ಖಾಲಿಯಿದ್ದರೆ ಗಾಳಿಗೆ ಹಾರಬೇಕಿತ್ತಲ್ಲ, ಗಾಳಿ ಇತ್ತೇ?

ಕುರುಗೋಡಿನ ಗುಡ್ಡ ಕಂಡಿತು, ಈಗಲೂ ಬಿಚ್ಚಿ ನೋಡಬಹುದು, ಹಸಿರು ಕಾಗದ ಹರಿದರೆ ಹರಿಯಲಿ, ಆದರೆ ಬಸ್ಸು ಕುಣಿಯುತ್ತಿದೆ, ಓಲೆ ಸೀಟಿನ ಸಂದಿಗೆ ಬಿದ್ದರೆ — ಸುಳ್ಳು, ಅದಲ್ಲ, ಇಲ್ಲವೆಂದು ಗೊತ್ತಾದರೆ ಇಲ್ಲೇ ಇಳಿದು ಬಳ್ಳಾರಿಗೆ ತಿರುಗಬೇಕಾಗುತ್ತದೆ, ಹೊತ್ತು ಮೀರುತ್ತದೆ, ತವರಿನಿಂದ ಒಬ್ಬರೂ ಬರಲಿಲ್ಲ ಎಂದಾಗುತ್ತದೆ. ತವರಿನ ಓಲೆಯಿಂದಲೇ ಕೂಸಿನ ಕಿವಿ ಚುಚ್ಚಬೇಕು, ಸೋದರಮಾವನ ತೊಡೆಯ ಮೇಲೆ. ಸೋದರಮಾವ ಸಿರುಗುಪ್ಪದ ರೈಸ್‌ಮಿಲ್ಲಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಾನೆ, ಅಣ್ಣ ಕೊಟ್ಟೂರಪ್ಪ, ಬಸುರಿ ಅಂಜನಾಳ ಕುಬುಸದ ದಿನ ಅವನು ತಂದ ಉಡುಗೊರೆಯನ್ನು ಅವಳ ಅತ್ತೆ ದೊಡ್ಡಬಸಮ್ಮ ಎಲ್ಲರೆದುರು ಬಿಚ್ಚಿ, ಡಬ್ಬಿ ನೋಡಿದ್ರ ಇಷ್ಟ್ ದೊಡ್ದು, ಒಳಗಿಂದು ಹುಡುಕಾಕ ಕಂದೀಲು ತರ್ಬೇಕು ಅಂದಿದ್ದಳು, ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕಿದ್ದರು, ಅಣ್ಣ ಎಲೆಯ ಮುಂದಿನಿಂದ ಎದ್ದುಹೋದ, ಮತ್ತೆ ತಂಗಿಯ ಗಂಡನೂರು ಬಾದನಹಟ್ಟಿ ತುಳಿದಿಲ್ಲ, ಆ ನಗುವಿನ ಜೊತೆ ಉಳಿದವಳು ಅಂಜನಾ ಒಬ್ಬಳೇ. ಅದಕ್ಕೇ ಈ ಸಲ ಡಬ್ಬಿ ಸಣ್ಣದು, ಅದಕ್ಕೇ ಇಷ್ಟು ನೀಟು. ಡಬ್ಬಿ ಖಾಲಿಯೆಂದು ಗೊತ್ತಾದರೆ ಅದು ಅಣ್ಣನ ಸಿಟ್ಟಿಗಿಂತ ದೊಡ್ಡ ಅನಾಹುತ, ಅಂಜನಾ ಇನ್ನು ಆ ಮನೆಯಲ್ಲಿ ತವರಿನ ಹೆಸರೆತ್ತುವ ಹಾಗಿಲ್ಲ. ಆಟೋ, ಗದ್ದೆ, ಗದ್ದೆಯ ವಾಸನೆ, ಎಷ್ಟು ಹೊತ್ತು, ಎಷ್ಟು ಬೇಗ, ಹೊಸ್ತಿಲು. ದೊಡ್ಡಬಸಮ್ಮನೇ ಎದುರು ಬಂದಳು, ತಲೆ ನರೆತಿದೆ, ಮಂಡಿ ಹಿಡಿದು ನಡೆಯುತ್ತಾಳೆ, ಬಂದ್ಯಲ್ಲವ್ವಾ, ಯಾರರ ಒಬ್ರು ಬಂದ್ರಿ, ಸಾಕು ಅಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮಾವನ ಜಾಗದಾಗ ನೀನಽ ಕೂಡು, ಎಂದು ಕೂಸನ್ನು ತೊಡೆಯ ಮೇಲೆ ಹಾಕಿದಳು, ಬಿಸಿ ಮೈ, ಎಣ್ಣೆಯ ತಲೆ, ಕಿವಿ ಚುಚ್ಚಲು ಬಂದ ಪತ್ತಾರ ಕೂಸಿನ ಹಾಲೆಯ ಮೇಲೆ ಗುರುತಿನ ಚುಕ್ಕಿ ಇಟ್ಟು ಕೈಯೊಡ್ಡಿದ, ಓಲಿ ಕೊಡ್ರಿ. ಡಬ್ಬಿ ಅಂಜನಾಳ ಕೈಗೆ ಹೋಯಿತು. ಹರಿದುಬಿಡಲಿ ಬೇಗ, ಆದರೆ ಅಂಜನಾ ಹರಿಯುವುದಿಲ್ಲ, ಎಲ್ಲರಿಗೂ ಎತ್ತಿ ತೋರಿಸುತ್ತಾಳೆ, ನಮ್ಮಕ್ಕ ಎಷ್ಟು ಚಂದ ಸುತ್ಯಾಳ ನೋಡ್ರಿ, ಹರಿಯಾಕ ಮನಸಾಗವಲ್ದು, ಎಂದು ಉಗುರನ್ನು ಟೇಪಿನ ಕೆಳಗೆ ತೂರಿಸಿ ಮೆಲ್ಲಗೆ, ಒಂದು ಮಡಿಕೆ, ಇನ್ನೊಂದು ಮಡಿಕೆ, ದೊಡ್ಡಬಸಮ್ಮ ಕನ್ನಡಕ ಹುಡುಕುತ್ತಿದ್ದಾಳೆ, ಕೂಸು ಅಕ್ಕನಾಗಮ್ಮನ ಬೆರಳು ಹಿಡಿದುಕೊಂಡಿದೆ, ಮುಚ್ಚಳ ಎದ್ದಿತು, ಹತ್ತಿ, ಬಿಳಿ ಹತ್ತಿ, ಅಂಜನಾಳ ಬೆರಳು ಹತ್ತಿಯೊಳಗೆ ಇಳಿಯುತ್ತಿದೆ, ಕಾಣುವುದು ಮಾತ್ರ ಬಳ್ಳಾರಿಯ ಆ ಕಿಟಕಿಯ ಕಟ್ಟೆ, ಅದರ ಮೇಲೆ ಮುದುಡಿದ ಗುಲಾಬಿ ಕಾಗದ, ಗಾಳಿಗೆ ಹಾರದೆ ಕೂತ ಗುಲಾಬಿ ಕಾಗದ, ಅದರಲ್ಲಿ ಏನಾದರೂ ಇತ್ತೋ ಇಲ್ಲವೋ, ಅವಳಿಗೆ ಗೊತ್ತಿಲ್ಲ.