ಎಡಮಂಡಿ ನನ್ನದು, ಬಲಮಂಡಿ ಅವರದು

ನಮ್ಮನೆಯವರು ನನ್ನ ಜೊತೆ ಮಾತು ಬಿಟ್ಟು ಅವತ್ತಿಗೆ ಹದಿನೆಂಟು ದಿನ. ಇಡೀ ಹಡಗಿಗೆ ವಿಷಯ ಗೊತ್ತಿತ್ತು. ಗೊತ್ತಾಗದೆ ಏನು? ನಾವಿಬ್ಬರು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದರೆ ಹಡಗಿನ ಕಾರ್ಖಾನೆಗೇ ಗರ ಬಡಿದ ಹಾಗಿರುತ್ತದೆ.

ನಮ್ಮ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಒಕ್ಕೂಟಕ್ಕೆ ಸ್ವಂತದ್ದು ಅಂತ ನೆಲ ಇಲ್ಲ, ಇರುವುದೆಲ್ಲ ಹಡಗು. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುತ್ತಲೇ ಇರುತ್ತೇವೆ. ಎಲ್ಲಾದರೂ ನೆಲದ ಮೇಲೆ ಯುದ್ಧ ಅಂತಾದರೆ ಇಳಿಸುವುದಕ್ಕೆ ನಮ್ಮ ಹಡಗಿನಲ್ಲಿ ಇಪ್ಪತ್ತನಾಲ್ಕು ಯಂತ್ರಗಳಿವೆ. ಎರಡು ಕಾಲು, ಎರಡು ತೋಳು, ಏಳು ಮಹಡಿ ಎತ್ತರ, ಎದೆಗೂಡಿನಲ್ಲಿ ಕೂತು ನಡೆಸುವವರು ಒಬ್ಬರು. ಕಾಗದದಲ್ಲಿ ಅವಕ್ಕೆ ಏನೇನೋ ಘನವಾದ ಹೆಸರಿದೆ. ನಮ್ಮ ಬಾಯಲ್ಲಿ ಅವು ದಡಿಯರು. ಒಂದನೇ ದಡಿಯ, ಎರಡನೇ ದಡಿಯ, ಹೀಗೆ. ದಡಿಯರ ಎಡಮಂಡಿ ನನ್ನದು, ಬಲಮಂಡಿ ನಮ್ಮನೆಯವರದು. ಇಪ್ಪತ್ತೆರಡು ವರ್ಷದಿಂದ ಹೀಗೇ.

ಮಂಡಿಯೊಳಗೆ ಒಂದು ದೊಡ್ಡ ಉಕ್ಕಿನ ಬಳೆ ಇರುತ್ತದೆ. ಆಳುದ್ದದ ಸ್ಪ್ಯಾನರ್ ಹಾಕಿ ಅದನ್ನು ಒಂಬತ್ತು ಸುತ್ತು ಬಿಗಿಯಬೇಕು. ಎರಡೂ ಮಂಡಿಯನ್ನು ಒಟ್ಟಿಗೇ ಬಿಗಿಯಬೇಕು, ಇಲ್ಲದಿದ್ದರೆ ದಡಿಯನ ಸೊಂಟ ವಾಲುತ್ತದೆ. ಅದಕ್ಕೇ ಕೂಗುವ ಪದ್ಧತಿ. ಅವರು "ಒಂದು!" ಅನ್ನುತ್ತಾರೆ, ನಾನು "ಆಯ್ತು!" ಅನ್ನುತ್ತೇನೆ. "ಎರಡು!" "ಆಯ್ತು!" ಎಣಿಸುವುದು ಅವರ ಕೆಲಸ. ನಾನು ಜನ್ಮದಲ್ಲಿ ಎಣಿಸಿದವಳಲ್ಲ, ನನ್ನದೇನಿದ್ದರೂ ಕಿವಿ. ಕೊನೆಗೆ ಸಣ್ಣ ಸುತ್ತಿಗೆಯಿಂದ ಅವರ ಬಳೆಗೊಂದು, ನನ್ನ ಬಳೆಗೊಂದು ತಟ್ಟಿ, ಎರಡರ ಸದ್ದೂ ಒಂದೇ ಆಗುವವರೆಗೆ ನನ್ನದನ್ನು ತಿದ್ದುತ್ತೇನೆ. ಅವರ ಎಣಿಕೆ, ನನ್ನ ಕಿವಿ. ನಾವು ಬಿಗಿದ ಒಂದು ಮಂಡಿಯೂ ಇವತ್ತಿನವರೆಗೆ ಮುರಿದಿಲ್ಲ, ಜಂಬ ಅಂದುಕೊಂಡರೂ ಸರಿ.

ಜಗಳ ಹುಟ್ಟಿದ್ದು ಮಗಳಿಂದ. ಅವಳನ್ನು ಎಲ್ಲರೂ ಚೂಟಿ ಅನ್ನುತ್ತಾರೆ. ಇಪ್ಪತ್ತು ವರ್ಷ, ಇಷ್ಟೇ ಇಷ್ಟು ಇದ್ದಾಳೆ, ಹಟ ಮಾತ್ರ ಅಪ್ಪನಷ್ಟೇ ಎತ್ತರ. ದಡಿಯನನ್ನು ನಡೆಸುವ ವಿದ್ಯೆ ಕಲಿತು ಮುಗಿಸಿದ್ದಳು. ಹದಿನೇಳನೇ ದಡಿಯನನ್ನು ಅವಳಿಗೆ ಕೊಡುತ್ತೇವೆ ಅಂದರು. ಇಪ್ಪತ್ತೊಂದು ತುಂಬದವರಿಗೆ ಅಪ್ಪನದೋ ಅಮ್ಮನದೋ ಒಂದು ಸಹಿ ಬೇಕು. ನಾನು ಹಾಕಿದೆ.

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?" ಅಂದರು ನಮ್ಮನೆಯವರು.

"ಕೇಳಿದ್ರೆ ನೀವು ಬೇಡ ಅಂತಿದ್ರಿ."

"ಹೂಂ, ಅಂತಿದ್ದೆ. ಅವಳನ್ನ ಸಾಯೋಕೆ ಕಳಿಸ್ತಿದೀಯ."

"ಇನ್ನೆಂಟು ತಿಂಗಳಿಗೆ ಅವಳಿಗೆ ಯಾರ ಸಹಿನೂ ಬೇಡ. ಬೇರೆ ಹಡಗಿಗೆ ಹೋಗಿ ಯಾರೋ ಬಿಗಿದ ಮಂಡಿ ಮೇಲೆ ನಿಲ್ತಾಳೆ. ಹೋಗೋದೇ ಆದ್ರೆ ನಾವು ಬಿಗಿದ ಮಂಡಿ ಮೇಲೆ ನಿಂತು ಹೋಗ್ಲಿ."

ಅವರು ಎದ್ದು ಹೋದರು. ಅಲ್ಲಿಂದ ಮಾತು ಬಂದ್. ನಮ್ಮ ಕೋಣೆ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲ. ಅಷ್ಟರಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಬದುಕುವುದೆಂದರೆ ಅದೇನು ಸುಮ್ಮನೆ ಆಗುವ ಕೆಲಸವೇ? ಮಡಿಸುವ ಮೇಜಿನ ಆ ತುದಿಗೆ ಅವರು, ಈ ತುದಿಗೆ ನಾನು. ಉಪ್ಪು ಬೇಕಾದರೆ ಗೋಡೆಗೆ ಹೇಳುತ್ತಿದ್ದರು. ನಾನೂ ಬಿಡಲಿಲ್ಲ, ಉಪ್ಪಿನ ಡಬ್ಬಿಯನ್ನು ಗೋಡೆಯ ಪಕ್ಕವೇ ಇಡುತ್ತಿದ್ದೆ. ಮಗಳ ಜೊತೆ ಮಾತಾಡುತ್ತಿದ್ದರು, ಆದರೆ ದಡಿಯನ ವಿಷಯ ಬಂದರೆ ಏನೋ ಕೆಲಸ ನೆನಪಾದವರಂತೆ ಎದ್ದು ಹೋಗುತ್ತಿದ್ದರು.

ಹದಿನೆಂಟನೇ ದಿನ ಆಜ್ಞೆ ಬಂತು. ಕೆಳಗೆ ಒಂದು ಗಣಿ ಊರು, ಮುತ್ತಿಗೆಯಲ್ಲಿ ಸಿಕ್ಕಿಕೊಂಡ ಜನ. ಅವರನ್ನೆಲ್ಲ ಹಡಗಿಗೆ ಹತ್ತಿಸಿ ಮುಗಿಯುವವರೆಗೆ ದಡಿಯರು ದಾರಿ ಕಾಯಬೇಕು. ಬೆಳಗಿನ ಪಾಳಿಯಲ್ಲಿ ಬಿಗಿತ, ಆಮೇಲೆ ನಡಿಗೆ ಪರೀಕ್ಷೆ, ಮಧ್ಯಾಹ್ನ ಇಳಿತ.

ಹದಿನೇಳನೇ ದಡಿಯನ ಮುಂದೆ ನಾವಿಬ್ಬರೂ ನಿಂತೆವು. ಅವರು ಬಲಕ್ಕೆ ಹತ್ತಿದರು, ನಾನು ಎಡಕ್ಕೆ. ಈಗಾದರೂ "ಒಂದು" ಅಂತಾರೆ ಅಂತ ಕಾದೆ. ಅನ್ನಲಿಲ್ಲ. ಸರಿ ಬಿಡು, ನಿನಗೆ ಅಷ್ಟಿದ್ದರೆ ನನಗೆ ಇಷ್ಟಿಲ್ಲವೇ ಅಂದುಕೊಂಡು ನಾನೂ ಸುಮ್ಮನೆ ಬಿಗಿದೆ. ಅವರ ಸ್ಪ್ಯಾನರ್ ನಿಂತಾಗ ನನ್ನದೂ ನಿಂತಿತು. ಸುತ್ತಿಗೆ ತೆಗೆದು ಎರಡೂ ಬಳೆ ತಟ್ಟಿದೆ. ಸದ್ದು ಒಂದೇ ಇತ್ತು. ಆದರೆ ಎಂದಿಗಿಂತ ಒಂಚೂರು ದಪ್ಪ ಅನ್ನಿಸಿತು. ಬೇರೆ ದಿನವಾಗಿದ್ದರೆ "ರೀ, ಎಷ್ಟಾಯ್ತು?" ಅಂತ ಒಂದು ಮಾತು ಕೇಳುತ್ತಿದ್ದೆ. ಅವತ್ತು ಕೇಳಲಿಲ್ಲ. ನಾನೇ ಯಾಕೆ ಮೊದಲು ಬಾಯಿ ಬಿಡಬೇಕು? ಆ ಒಂದು ಮಾತನ್ನು ನುಂಗಿಕೊಂಡಿದ್ದಕ್ಕೆ ನನಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ.

ನಡಿಗೆ ಪರೀಕ್ಷೆಯಲ್ಲಿ ಕಾರ್ಖಾನೆಯ ಮೇಸ್ತ್ರಿ ನೋಡುವುದು ಒಂದೇ: ಕುಂಟುತ್ತಿದೆಯೋ ಇಲ್ಲವೋ. ಎರಡು ಮಂಡಿಗೂ ವ್ಯತ್ಯಾಸವಿದ್ದರೆ ಅವನ ಕೈಯಲ್ಲಿರುವ ಮುಳ್ಳು ಅಲ್ಲಾಡುತ್ತದೆ. ಅಲ್ಲಾಡಿದರೆ ದಡಿಯನನ್ನು ಆಚೆ ಇಟ್ಟು ಅವತ್ತಿನ ಮಟ್ಟಿಗೆ ನಡೆಸುವವರ ಹೆಸರು ಹೊಡೆದುಹಾಕುತ್ತಾರೆ. ಚೂಟಿ ನಡೆಸಿದಳು. ಕಾರ್ಖಾನೆಯ ಆ ತುದಿಯವರೆಗೆ, ಅಲ್ಲಿಂದ ವಾಪಸ್. ಮುಳ್ಳು ಕೂದಲೆಳೆಯಷ್ಟೂ ಕದಲಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಮೇಸ್ತ್ರಿ ಎರಡೂ ಮಂಡಿಗೆ ಮೊಹರು ಹಾಕಿ ದಡಿಯನನ್ನು ಇಳಿಸುವ ಪಂಜರಕ್ಕೆ ಕಳಿಸಿದ.

ನಾನು ಬೀಗುತ್ತ ಪಕ್ಕಕ್ಕೆ ನೋಡಿದೆ. ನಮ್ಮನೆಯವರು ಸಾಮಾನಿನ ಪೆಟ್ಟಿಗೆಯ ಮೇಲೆ ಕುಸಿದು ಕೂತಿದ್ದರು.

"ನೀನು ಎಷ್ಟು ಸುತ್ತು ಹಾಕಿದೆ?" ಅಂದರು. ಗೋಡೆಗಲ್ಲ, ನನಗೆ.

"ನಾನೆಲ್ಲಿ ಎಣಿಸ್ತೀನಿ? ನಿಮ್ಮದಕ್ಕೆ ಸರಿಯಾಗಿ ಹಾಕಿದೀನಿ."

"ನಾನು ಆರೇ ಹಾಕಿದ್ದು."

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅವರದು ಆರು, ನನ್ನದು ಒಂಬತ್ತಾದರೆ ದಡಿಯ ಕುಂಟುತ್ತಾನೆ, ಮಗಳು ಉಳಿಯುತ್ತಾಳೆ. ಸಿಟ್ಟಿನಲ್ಲಿ ನಾನು ಅವರ ಬಳೆಗೆ ಹೊಂದಿಸದೆ ಕೈರೂಢಿಯಂತೆ ಒಂಬತ್ತೇ ಹಾಕುತ್ತೇನೆ ಅನ್ನುವುದು ಅವರ ಲೆಕ್ಕ. ಆದರೆ ನಾನು ಅವರಿಗೆ ಸರಿಸಮ ಮಾಡಿಬಿಟ್ಟಿದ್ದೆ. ಎರಡೂ ಒಂದೇ ಸಮ ಸಡಿಲವಾದರೆ ಯಾವ ಮುಳ್ಳು ಏನು ಹೇಳೀತು? ಹಡಗಿನೊಳಗೆ ಎಲ್ಲದರ ತೂಕವೂ ಕಾಲು ಭಾಗ, ಸಡಿಲ ಮಂಡಿಯೂ ನಡೆಯುತ್ತದೆ. ಕೆಳಗೆ ನೆಲ ಮುಟ್ಟಿದ ಕೂಡಲೇ ಪೂರ್ತಿ ತೂಕ ಬೀಳುತ್ತದೆ. ಎರಡೂ ಕಾಲು ಒಟ್ಟಿಗೆ ಮಡಿಸಿಕೊಂಡು ಏಳು ಮಹಡಿ ಮುಖ ಅಡಿಯಾಗಿ ಬೀಳುತ್ತದೆ. ಒಳಗೆ ನನ್ನ ಮಗಳು.

ಬೈಯಲು ಹೊತ್ತಿರಲಿಲ್ಲ. ನಾನು ಅವರ ತೋಳು ಹಿಡಿದು ಎಬ್ಬಿಸಿದೆ. ಇಬ್ಬರೂ ಪಂಜರದ ಕಡೆ ಓಡಿದೆವು.

ಮೇಸ್ತ್ರಿ ಗೇಟಿನಲ್ಲೇ ಇದ್ದ. ನಮ್ಮನೆಯವರು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. "ಹದಿನೇಳಕ್ಕೆ ಎರಡೂ ಕಡೆ ಮೂರು ಮೂರು ಸುತ್ತು ಕಮ್ಮಿ ಆಗಿದೆ. ನಾವು ಮಾತಾಡ್ತಿರ್ಲಿಲ್ಲ. ಎಣಿಕೆ ತಪ್ಪಿತು." ಅರ್ಧ ನಿಜವನ್ನು ಪೂರ್ತಿ ಮುಖ ಇಟ್ಟುಕೊಂಡು ಹೇಳಿದೆ.

ಮೇಸ್ತ್ರಿ ಹಣೆ ಚಚ್ಚಿಕೊಂಡ. "ನಿಮ್ಮ ಸಂಸಾರದ ಜಗಳಾನ ತಂದು ನನ್ನ ದಡಿಯನ ಮೊಣಕಾಲಿಗೆ ಹಾಕಿದ್ರಲ್ಲಮ್ಮ! ಇಳಿಯೋಕೆ ಇಪ್ಪತ್ತು ನಿಮಿಷ ಇದೆ. ಮೊಹರು ಒಡೆದು ಕೊಡ್ತೀನಿ, ಬಿಗೀತೀರಾ? ಇಲ್ಲ ಹದಿನೇಳನ್ನ ನಿಲ್ಲಿಸಿಬಿಡ್ಲಾ? ಈಗ್ಲೇ ಹೇಳ್ಬೇಕು."

ಕೇಳಿದ್ದು ಬಲಮಂಡಿಯವರನ್ನು. ಎಣಿಸುವವರು ಹೇಳಿದ್ದೇ ಕೊನೆಯ ಮಾತು, ಅದು ನಮ್ಮಲ್ಲಿನ ಪದ್ಧತಿ. "ನಿಲ್ಲಿಸಿ" ಅಂತ ಒಂದು ಮಾತು ಅಂದರೆ ಸಾಕಿತ್ತು. ಹದಿನೆಂಟು ದಿನದಿಂದ ಅವರು ಬೇಡಿಕೊಂಡಿದ್ದು ತಾನಾಗಿ ಕಾಲ ಬುಡಕ್ಕೆ ಬಂದಿತ್ತು. ನಾನೂ ತಾಯಿಯೇ ಅಲ್ಲವೇ? ಅನ್ನಲಿ ಅಂತ ನನಗೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

"ಮಗಳ ಹತ್ರ ಒಂದು ಮಾತು," ಅಂದರು ಅವರು.

ದಡಿಯನ ಬಲಮಂಡಿಯ ಪಕ್ಕ ಕೆಲಸದವರಿಗೆ ಅಂತ ಒಂದು ಫೋನು ನೇತಾಡುತ್ತದೆ. ಮೇಲೆ ಎದೆಗೂಡಿನಲ್ಲಿ ಕೂತವರಿಗೆ ನೇರ ಕೇಳುತ್ತದೆ. ಅವರು ಏಣಿ ಹತ್ತಿ ಅದನ್ನು ಹಿಡಿದರು. ನಾನೂ ಹಿಂದೆಯೇ ಹತ್ತಿ ಕಿವಿ ಕೊಟ್ಟೆ.

"ಮಗಳೇ, ಮಂಡಿ..." ಅಂದರು.

"ಸಡಿಲ ಇದೆ, ಗೊತ್ತಪ್ಪ," ಅಂದಳು ಚೂಟಿ. "ಮೊದಲನೇ ಹೆಜ್ಜೆಗೇ ಗೊತ್ತಾಯ್ತು. ನಿಮ್ಮ ಒಂಬತ್ತು ಕೇಳ್ಕೊಂಡೇ ಬೆಳೆದವಳು ನಾನು."

"ಗೊತ್ತಾದ್ಮೇಲೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಹಿಡ್ಕೊಂಡು ಹೋಗ್ತಿದ್ರು. ಮೆತ್ತಗೆ ಇಳಿದ್ರೆ ಹೇಗಾದ್ರೂ ಆಗುತ್ತೆ ಅಂದ್ಕೊಂಡೆ."

ಹೇಗೂ ಆಗುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು. ಮಂಡಿ ಬಿಗಿಯುವವರ ಮಗಳು. ಅಪ್ಪನಿಗೆ ಕೆಟ್ಟ ಹೆಸರು ಬರಬಾರದು ಅಂತ ಆ ಕಾಲಿನ ಮೇಲೆ ಇಳಿಯಲು ಹೊರಟಿದ್ದಳು. ನಮ್ಮನೆಯವರು ಫೋನನ್ನು ಎದೆಗೆ ಒತ್ತಿಕೊಂಡರು. ನಲವತ್ತೆಂಟು ವರ್ಷದ ಗಂಡಸು, ಹಾಗೆ ಅತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಫೋನಿನಿಂದ ಸಣ್ಣಗೆ ಅವಳ ದನಿ ಬರುತ್ತಲೇ ಇತ್ತು. "ಅಪ್ಪ, ನನ್ನ ದಾರೀಲಿ ಎರಡು ಸಾವಿರ ಜನ ಕಾಯ್ತಿದಾರೆ. ನಿಲ್ಲಿಸ್ಬೇಡಿ. ಉಳಿದ ಮೂರು ಎಣಿಸಿ."

ಅವರು ಫೋನು ತೂಗುಹಾಕಿ, ತೋಳಿನಿಂದ ಮುಖ ಒರೆಸಿಕೊಂಡು, ಕೆಳಗೆ ಮೇಸ್ತ್ರಿಗೆ ಕೂಗಿ ಹೇಳಿದರು: "ಬಿಗೀತೀವಿ."

ನಾನು ಎಡಕ್ಕೆ ಹೋಗಿ ಸ್ಪ್ಯಾನರ್ ಹಾಕಿದೆ.

"ಏಳು!"

"ಆಯ್ತು!"

"ಎಂಟು!"

"ಆಯ್ತು!"

ಆಮೇಲೆ ಏನೂ ಕೇಳಲಿಲ್ಲ. ಕಾದೆ. ಬಗ್ಗಿ ನೋಡಿದೆ. ಸ್ಪ್ಯಾನರ್ ಮೇಲೆ ಎರಡೂ ಕೈ ಇಟ್ಟುಕೊಂಡು, ತಲೆ ಬಗ್ಗಿಸಿ ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು, ದನಿ ಇಲ್ಲ. ಆ ಒಂದು ಸುತ್ತು ಹಾಕಿದರೆ ಮಗಳು ಹೊರಟಳು ಅಂತಲೇ ಅರ್ಥ. ಅದನ್ನು ಅಪ್ಪನ ಬಾಯಲ್ಲಿ ಹೇಳಿಸುವುದು ಹೇಗೆ? ಸಹಿ ಹಾಕಿದವಳು ನಾನು.

"ಒಂಬತ್ತು!" ಅಂತ ಕೂಗಿದೆ. ಜನ್ಮದಲ್ಲಿ ಮೊದಲ ಸಲ ಎಣಿಸಿದೆ.

ಬಲಗಡೆ ಸ್ಪ್ಯಾನರ್ ಕಿರ್ ಅಂತು.

"ಆಯ್ತು," ಅಂದರು ಅವರು.

ಸುತ್ತಿಗೆ ತೆಗೆದು ಎರಡೂ ಬಳೆ ತಟ್ಟಿದೆ. ದಪ್ಪ ಸದ್ದು ಹೋಗಿತ್ತು. ನಾವು ಏಣಿ ಇಳಿದು ಅಪಾಯದ ಗೆರೆಯಿಂದ ಆಚೆ ಬಂದೆವು, ಗಂಟೆ ಹೊಡೆಯಿತು, ಪಂಜರದ ತಳ ತೆರೆಯಿತು.

ಇಳಿಯಲು ಒಂಬತ್ತು ನಿಮಿಷ ಬೇಕು. ಮೇಸ್ತ್ರಿಯ ಹಲಗೆಯ ಮುಂದೆ ನಿಂತೆವು. ಅದರಲ್ಲಿ ಒಂದೊಂದು ದಡಿಯನಿಗೂ ಒಂದೊಂದು ದೀಪ. ಹದಿನೇಳರದು ಕೆಂಪಗೆ ಹೊಡೆದುಕೊಳ್ಳುತ್ತಿತ್ತು. ಒಮ್ಮೆ ಆರಿತು. ನನ್ನ ಉಸಿರೂ ಆರಿತು. ಆಮೇಲೆ ಹಸಿರಾಯಿತು.

"ಹದಿನೇಳು ನಿಂತಿದೆ," ಅಂದ ಮೇಸ್ತ್ರಿ. "ಎರಡೂ ಕಾಲ ಮೇಲೆ."

ಅಲ್ಲಿಂದ ಮುಂದಿನದು ಮಂಡಿ ಕೆಲಸದವರ ಕೈಯಲ್ಲಿಲ್ಲ. ಸಂಜೆಯವರೆಗೆ ಆ ದೀಪ ನೋಡುತ್ತ ನಿಲ್ಲುವುದೊಂದೇ ಬಾಕಿ. ನಮ್ಮನೆಯವರು ಸಾಮಾನಿನ ಪೆಟ್ಟಿಗೆ ಎಳೆದು ಇಬ್ಬರಿಗೂ ಆಗುವ ಹಾಗೆ ಹಾಕಿದರು. ಕೂತ ಮೇಲೆ ಕೇಳಿದರು:

"ಬೆಳಗಿಂದ ಏನಾದ್ರೂ ತಿಂದ್ಯಾ?"

"ಇಲ್ಲ," ಅಂದೆ. "ನೀವು?"