ಹೊಸ ಬೋರಿನ ನೀರು

ಪೆರೇಸಂದ್ರದ ಹತ್ತಿರ ವೆಂಕಟರತ್ನಮ್ಮನಿಗೆ ಅರ್ಧ ಎಕರೆ ಗುಲಾಬಿ ತೋಟವಿತ್ತು. ಪಕ್ಕದ ಹೊಲ ಕೊಂಡಮ್ಮನದು. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಮೂವತ್ತು ವರ್ಷ ಬದುವಿನ ಮೇಲೆ ಕೂತು ಒಟ್ಟಿಗೆ ಬುತ್ತಿ ಬಿಚ್ಚಿದವರು.

ಹಳೇ ಬೋರ್‌ವೆಲ್ ಬತ್ತಿದಾಗ ವೆಂಕಟರತ್ನಮ್ಮ ಹೊಸದು ಕೊರೆಸಿದಳು. ಸಾವಿರದ ಮುನ್ನೂರು ಅಡಿಗೆ ನೀರು ಬಿತ್ತು. ಸಂತೋಷಕ್ಕೆ ಬೀದಿಗೆಲ್ಲ ಸಕ್ಕರೆ ಹಂಚಿದಳು. ಮೂರು ತಿಂಗಳಾಗುವಷ್ಟರಲ್ಲಿ ಎಲೆಗಳ ಅಂಚು ಬೆಂಕಿ ತಾಗಿದಂತೆ ಕಂದಿತು. ಮೊಗ್ಗುಗಳು ಅರಳದೆ ಉದುರತೊಡಗಿದವು.

ಅದೇ ವಾರ ಕೊಂಡಮ್ಮ ತನ್ನ ಜೋಳಕ್ಕೆ ಕಳೆ ಔಷಧಿ ಹೊಡೆಸಿದ್ದಳು.

"ನಿನ್ನ ಔಷಧಿ ಗಾಳಿಗೆ ಬಂದು ನನ್ನ ತೋಟ ಸುಟ್ಟಿದೆ. ನನ್ನ ಹೂವು ಕಂಡ್ರೆ ನಿಂಗೆ ಹೊಟ್ಟೆಯುರಿ!" ಹಾಲಿನ ಡೇರಿ ಮುಂದೆ, ಹತ್ತು ಜನರ ಎದುರು ವೆಂಕಟರತ್ನಮ್ಮ ಕೂಗಾಡಿದಳು.

"ಗಾಳಿ ಆವತ್ತು ನಿನ್ನ ಕಡೆ ಇರಲಿಲ್ಲ ಕಣೇ ರತ್ನಾ," ಎಂದಷ್ಟೇ ಹೇಳಿ ಕೊಂಡಮ್ಮ ಹೊರಟುಹೋದಳು. ಮತ್ತೆ ಬದುವಿನ ಕಡೆ ಬರಲಿಲ್ಲ.

ಚಳಿಗಾಲದಲ್ಲಿ ಕೊಂಡಮ್ಮನಿಗೆ ಲಕ್ವ ಹೊಡೆಯಿತು. ವೆಂಕಟರತ್ನಮ್ಮ ಎರಡು ಸಲ ಅವಳ ಬೀದಿಯ ತಿರುವಿನ ತನಕ ಹೋಗಿ ವಾಪಸ್ ಬಂದಳು. ಮೂರನೇ ಸಲ ಹೋದದ್ದು ಅವಳ ಮಣ್ಣಿಗೆ.

ಜೋಳ ಕೊಯ್ದಾಗಿತ್ತು, ಔಷಧಿ ಹೊಡೆಯುವವರೂ ಇರಲಿಲ್ಲ. ಆದರೂ ಹೊಸ ಎಲೆಗಳು ಸುಡುತ್ತಲೇ ಇದ್ದವು. ಕೊನೆಗೆ ಮಗಳು ಕವಿತ ಬೋರಿನ ನೀರನ್ನು ಬಾಟಲಿಗೆ ತುಂಬಿಕೊಂಡು ಚಿಂತಾಮಣಿಗೆ ಹೋಗಿ ಪರೀಕ್ಷೆ ಮಾಡಿಸಿದಳು.

"ನೀರಲ್ಲೇ ಉಪ್ಪು ಜಾಸ್ತಿಯಂತೆ ಕಣಮ್ಮ. ಗುಲಾಬಿ ತಡ್ಕೊಳ್ಳಲ್ಲ. ನಾವು ನೀರು ಬಿಟ್ಟಷ್ಟೂ ಉಪ್ಪು ಬೇರಿನ ಹತ್ರ ಕೂತಿದೆ."

ಡ್ರಿಪ್ ಪೈಪಿನ ಸುತ್ತ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. ವೆಂಕಟರತ್ನಮ್ಮ ಅದನ್ನು ದಿನಾ ನೋಡಿದ್ದಳು, ಗೊಬ್ಬರವೆಂದುಕೊಂಡಿದ್ದಳು. ಕುಡಿಯಲು ಮನೆಯಿಂದ ಫಿಲ್ಟರ್ ನೀರು ಒಯ್ಯುತ್ತಿದ್ದವಳು ಬೋರಿನ ನೀರನ್ನು ಒಮ್ಮೆಯೂ ಬಾಯಿಗೆ ಹಾಕಿರಲಿಲ್ಲ.

ಅವತ್ತೇ ಕೊಂಡಮ್ಮನ ಗಂಡ ರಾಮಾಂಜಿನಪ್ಪನ ಮುಂದೆ ಹೋಗಿ ನಿಂತಳು. "ಅಣ್ಣಾ, ಅವಳ ತಪ್ಪಿರಲಿಲ್ಲ. ನನ್ನ ನೀರೇ ಸರಿಯಿಲ್ಲ."

"ಅವಳಿಗೆ ಗೊತ್ತಿತ್ತಮ್ಮ," ಅಂದ ಅವನು. "ನಿಮ್ಮ ಪೈಪು ಸೋರ್ತಿದ್ದಾಗ ಒಂದು ಬೊಗಸೆ ಕುಡಿದು ನೋಡಿದ್ಲು. ಸವಳು ನೀರು, ರತ್ನಂಗೆ ಹೇಳಬೇಕು ಅಂತಲೇ ಆವತ್ತು ಡೇರಿ ಹತ್ರ ಬಂದಿದ್ದು. ಅಷ್ಟು ಜನರ ಮುಂದೆ ಅನ್ನಿಸ್ಕೊಂಡ ಮೇಲೆ ಬಾಯೇ ಬರಲಿಲ್ಲವಂತೆ."

ವೆಂಕಟರತ್ನಮ್ಮ ಅಲ್ಲೇ ಹೊಸ್ತಿಲ ಹತ್ತಿರ ಕೂತಳು. ರಾಮಾಂಜಿನಪ್ಪ ಏಳು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಆ ವಾರ ತಾಯಿ ಮಗಳು ಸೇರಿ ಗಿಡಗಳನ್ನು ಕಿತ್ತರು. ಮಳೆ ನೀರಿಗೆ ಉಪ್ಪು ತೊಳೆದುಹೋಗಲು ಎರಡು ಮೂರು ವರ್ಷ ಬೇಕಂತೆ ಎಂದಳು ಕವಿತ. ವೆಂಕಟರತ್ನಮ್ಮ ಮುಂದಿನ ಗಿಡದ ಬುಡಕ್ಕೆ ಗುದ್ದಲಿ ಹಾಕಿದಳು.